ರಿವ್ಯೂಗೆ ಹೋದದ್ದೇ ಬೇರೆ, ಕೈಗೆ ಸಿಕ್ಕಿದ್ದೇ ಬೇರೆ

2016ರ ಫೆಬ್ರವರಿಯಲ್ಲಿ ಬೆನ್ಸನ್ ಲಿಯುಂಗ್ ಎಂಬ ಗೂಗಲ್ ಎಂಜಿನಿಯರ್ ಅಮೆಜಾನ್‌ನಲ್ಲಿ ಕೊಂಡ ಒಂದು ಯುಎಸ್‌ಬಿ-ಸಿ ಕೇಬಲನ್ನು ಪರೀಕ್ಷೆಗೆಂದು ತಮ್ಮ ಕ್ರೋಮ್‌ಬುಕ್ ಪಿಕ್ಸೆಲ್ ಲ್ಯಾಪ್‌ಟಾಪಿಗೆ ಚುಚ್ಚಿದರು. ಚುಚ್ಚಿದ್ದೇ ತಡ, ಲ್ಯಾಪ್‌ಟಾಪ್ ಕೆಟ್ಟಿತು. ಅದರ ಜೊತೆ ಅಳತೆಗೆ ಇಟ್ಟುಕೊಂಡಿದ್ದ ಉಪಕರಣವೂ ಹೋಯಿತು. ನೋಡಿದರೆ ಕರೆಂಟ್ ಹರಿಯುವ ತಂತಿಯೂ ಗ್ರೌಂಡ್ ತಂತಿಯೂ ಕೇಬಲಿನೊಳಗೆ ಅದಲುಬದಲಾಗಿದ್ದವು.

ಅದಕ್ಕೂ ಕೆಲವು ತಿಂಗಳ ಮುಂಚಿನಿಂದ ಅವರು ಮಾಡುತ್ತಿದ್ದ ಕೆಲಸ ಸರಳವಾದದ್ದು. ಸ್ವಂತ ದುಡ್ಡಿನಲ್ಲಿ ಒಂದೊಂದೇ ಕೇಬಲ್ ಕೊಳ್ಳುವುದು, ಅಳೆಯುವುದು, ಫಲಿತಾಂಶವನ್ನು ಅದೇ ಕೇಬಲಿನ ಮಾರಾಟದ ಪುಟದ ಕೆಳಗೆ ಬರೆಯುವುದು. ಆಗ ಹೆಚ್ಚಾಗಿ ಸಿಕ್ಕಿಬಿದ್ದದ್ದು ಒಂದು ಪುಟ್ಟ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ. ಹಳೆಯ ಚಪ್ಪಟೆ ಯುಎಸ್‌ಬಿಯಿಂದ ಟೈಪ್-ಸಿಗೆ ಹೋಗುವ ಕೇಬಲಿನಲ್ಲಿ 56 ಕಿಲೋಓಮ್ ರೆಸಿಸ್ಟರ್ ಇರಬೇಕು ಎನ್ನುತ್ತದೆ ನಿಯಮ. ‘ಆ ಕಡೆ ಸಾಮಾನ್ಯ ಪೋರ್ಟ್ ಇದೆ, ಹದವಾಗಿ ಕರೆಂಟ್ ಎಳೆದುಕೋ’ ಎಂದು ಫೋನಿಗೆ ಹೇಳುವುದು ಅದೇ. ಅಗ್ಗದ ಕೇಬಲುಗಳಲ್ಲಿ ಅದರ ಜಾಗದಲ್ಲಿ 10 ಕಿಲೋಓಮ್ ಇರುತ್ತಿತ್ತು. ಆಗ ಫೋನು ಆ ಕಡೆ 3 ಆಂಪಿಯರ್ ಸಿಗುತ್ತದೆಂದು ನಂಬುತ್ತದೆ, ಅಷ್ಟನ್ನೂ ಎಳೆಯಲು ಹೋಗುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು ಅರ್ಧ ಆಂಪಿಯರ್ ಮಾತ್ರ. ಕೇಬಲಿನ ಹೆಣಿಗೆ, ಬಣ್ಣ, ಉದ್ದ ಯಾವುದರಲ್ಲೂ ಈ ದೋಷ ಕಾಣುವುದಿಲ್ಲ. ‘ಚೆನ್ನಾಗಿ ಚಾರ್ಜ್ ಆಗುತ್ತೆ’ ಎಂದು ಐದು ಸ್ಟಾರ್ ಕೊಟ್ಟವರಿಗೂ ಕಂಡಿರಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ಅಮೆಜಾನ್, ಯುಎಸ್‌ಬಿ ಸಂಸ್ಥೆಯ ನಿಯಮಕ್ಕೆ ಹೊಂದದ ಟೈಪ್-ಸಿ ಕೇಬಲುಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು.

ರಿವ್ಯೂ ಎಂದರೆ ನನ್ನ ಮಟ್ಟಿಗೆ ಇದು. ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ವಸ್ತುವನ್ನೇ ಕೊಂಡು, ಕಣ್ಣಿಗೆ ಕಾಣದ್ದನ್ನು ಅಳೆದು, ಕೊಳ್ಳುವವನ ಕಣ್ಣೆದುರಿಗೇ ಇಡುವುದು. ಇವತ್ತು ಕಂಪ್ಯೂಟರ್ ಸಾಫ್ಟ್‌ವೇರ್, ಪೆನ್ ಡ್ರೈವ್, ಎಸ್‌ಎಸ್‌ಡಿ (ಕಂಪ್ಯೂಟರಿನ ಕಡತಗಳನ್ನು ಇಡುವ ಡ್ರೈವ್), ಇಯರ್‌ಫೋನ್, ಚಾರ್ಜರ್, ಮ್ಯೂಸಿಕ್ ಪ್ಲೇಯರ್ ಕುರಿತು ಬರುವ ರಿವ್ಯೂಗಳಿಗೆ ಲೆಕ್ಕವಿಲ್ಲ. ಇಷ್ಟಿದ್ದರೂ ಕೊಂಡವರು ಮೋಸ ಹೋಗುವುದು ತಪ್ಪಿಲ್ಲ. ರಿವ್ಯೂ ಮಾಡುವವರೆಲ್ಲ ದುಡ್ಡು ತಿಂದಿದ್ದಾರೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ಅದು ಅರ್ಧ ನಿಜ. ಉಳಿದರ್ಧ ಇನ್ನೂ ಗಂಭೀರವಾದದ್ದು: ಪ್ರಾಮಾಣಿಕ ರಿವ್ಯೂ ಕೂಡ ಅನೇಕ ವೇಳೆ ನಾವು ಕೊಳ್ಳುವ ವಸ್ತುವಿನ ಬಗ್ಗೆ ಇರುವುದಿಲ್ಲ. ಪರೀಕ್ಷೆಗೆ ಹೋದದ್ದು ಒಂದು, ನಮ್ಮ ಮನೆಗೆ ಬಂದದ್ದು ಇನ್ನೊಂದು.

ಕ್ರೂಷಿಯಲ್ ಪಿ2 ಎಂಬ ಎಸ್‌ಎಸ್‌ಡಿಯನ್ನೇ ನೋಡಿ. 2020ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಟಿಎಲ್‌ಸಿ ಎಂಬ ಬಗೆಯ ಮೆಮೊರಿ ಇತ್ತು. ಬೆಲೆಗೆ ತಕ್ಕ ಒಳ್ಳೆಯ ಡ್ರೈವ್ ಎಂದು ರಿವ್ಯೂಗಳು ಬಂದವು. ಮುಂದೆ ಕಂಪನಿ ಅದರೊಳಗೆ ಕ್ಯೂಎಲ್‌ಸಿ ಎಂಬ ಅಗ್ಗದ, ನಿಧಾನದ ಮೆಮೊರಿ ಹಾಕತೊಡಗಿತು. ಹೆಸರು ಅದೇ, ಪೆಟ್ಟಿಗೆಯೂ ಅದೇ. 2021ರಲ್ಲಿ ರಿವ್ಯೂ ತಾಣವಾದ ಟಾಮ್ಸ್ ಹಾರ್ಡ್‌ವೇರ್‌ನವರು ಡ್ರೈವನ್ನು ಹೊಸದಾಗಿ ಪರೀಕ್ಷಿಸಿದಾಗ ಬಣ್ಣ ಬಯಲಾಯಿತು. ದೊಡ್ಡ ಕಡತಗಳನ್ನು ಒಂದೇ ಸಮನೆ ಬರೆಯುತ್ತಾ ಹೋದರೆ ವೇಗ ಹಳೆಯ ಯುಎಸ್‌ಬಿ 2.0 ಪೆನ್ ಡ್ರೈವಿನ ಮಟ್ಟಕ್ಕೆ ಕುಸಿಯುತ್ತಿತ್ತು. ಮೊದಲ ವರ್ಷದ ರಿವ್ಯೂಗಳಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಅವನ್ನು ಓದಿ ಎರಡನೇ ವರ್ಷ ಡ್ರೈವ್ ಕೊಂಡವರಿಗೆ ಅವು ಏನೂ ಪ್ರಯೋಜನಕ್ಕೆ ಬರಲಿಲ್ಲ. ಅದೇ ವರ್ಷ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್550 ಡ್ರೈವಿನಲ್ಲೂ ಇಂಥದೇ ಬದಲಾವಣೆ ಪತ್ತೆಯಾಯಿತು. ಮುಂದೆ ಹೀಗೆ ಬಿಡಿಭಾಗ ಬದಲಿಸಿದರೆ ಹೊಸ ಮಾಡೆಲ್ ಸಂಖ್ಯೆ ಕೊಡುತ್ತೇವೆ ಎಂದು ಕಂಪನಿ ಆಮೇಲೆ ಹೇಳಿತು.

ಸಾಫ್ಟ್‌ವೇರಿನಲ್ಲಿ ಈ ಆಟ ಇನ್ನೂ ಸುಲಭ. ಆಂಟಿವೈರಸ್ ಪರೀಕ್ಷಿಸುವ ಮೂರು ಹೆಸರಾಂತ ಸಂಸ್ಥೆಗಳಿವೆ: ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್, ಜರ್ಮನಿಯ ಎವಿ-ಟೆಸ್ಟ್, ಬ್ರಿಟನ್ನಿನ ವೈರಸ್ ಬುಲೆಟಿನ್. 2015ರಲ್ಲಿ ಈ ಮೂರೂ ಒಟ್ಟಾಗಿ ಚೀನಾದ ಕಿಹೂ 360 ಕಂಪನಿಯ ಆ ವರ್ಷದ ಪ್ರಮಾಣಪತ್ರಗಳನ್ನು ಹಿಂದಕ್ಕೆ ಪಡೆದವು. ಪರೀಕ್ಷೆಗೆ ಕಳಿಸಿದ ಆವೃತ್ತಿಯಲ್ಲಿ ಬಿಟ್‌ಡಿಫೆಂಡರ್ ಕಂಪನಿಯ ವೈರಸ್ ಹಿಡಿಯುವ ಎಂಜಿನ್ ಚಾಲೂ ಆಗಿತ್ತು. ಕಿಹೂ ಕಂಪನಿಯ ಮುಖ್ಯ ಮಾರುಕಟ್ಟೆಯ ಜನ ಇಳಿಸಿಕೊಳ್ಳುತ್ತಿದ್ದ ಆವೃತ್ತಿಯಲ್ಲಿ ಅದು ಬಂದ್ ಆಗಿದ್ದು ಕಂಪನಿಯ ಸ್ವಂತ ಎಂಜಿನ್ ಓಡುತ್ತಿತ್ತು. ಜನ ಪಡೆಯುತ್ತಿರುವ ರಕ್ಷಣೆ ಪರೀಕ್ಷೆಯಲ್ಲಿ ಕಂಡದ್ದಕ್ಕಿಂತ ಬಹಳ ಕಡಿಮೆ ಎಂದು ಸಂಸ್ಥೆಗಳು ಜಂಟಿ ಹೇಳಿಕೆ ಕೊಟ್ಟವು.

ಕಂಪನಿಯದು ಕಪಟವಿಲ್ಲದಿದ್ದರೂ ರಿವ್ಯೂ ಹಳಸುತ್ತದೆ. ಸಿಕ್ಲೀನರ್ ಎಂಬುದು ಕಂಪ್ಯೂಟರಿನ ಕಸ ತೆಗೆಯುವ, ವರ್ಷಗಟ್ಟಲೆ ಮೆಚ್ಚುಗೆ ಪಡೆದ ಸಾಫ್ಟ್‌ವೇರ್. 2017ರ ಆಗಸ್ಟಿನಲ್ಲಿ ಬಂದ ಅದರ 5.33 ಆವೃತ್ತಿಯೊಳಗೆ ಕಳ್ಳರು ಮಾಲ್‌ವೇರ್ ಸೇರಿಸಿದ್ದರು, ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಅದು ಇಳಿಯಿತು. ಸೋನೋಸ್ ಸ್ಪೀಕರುಗಳ ಕತೆ ಇನ್ನೂ ಈಚಿನದು. 2024ರ ಮೇ ತಿಂಗಳಲ್ಲಿ ಕಂಪನಿ ಸ್ಪೀಕರುಗಳನ್ನು ನಡೆಸುವ ಹೊಸ ಆ್ಯಪ್ ಬಿಟ್ಟಿತು. ಸ್ಲೀಪ್ ಟೈಮರ್ ಮಾಯ, ಅಲಾರಂ ಬದಲಿಸಲು ಬಾರದು, ದೃಷ್ಟಿದೋಷ ಇರುವವರಿಗೆ ಆ್ಯಪ್ ಬಳಸುವುದೇ ಕಷ್ಟವಾಯಿತು. ಸ್ಪೀಕರ್ ಮನೆಯಲ್ಲಿ ಇದ್ದ ಜಾಗದಲ್ಲೇ ಇತ್ತು, ಅದರ ಸದ್ದೂ ಮೊದಲಿನದೇ. ಆದರೂ ಆ ಬೆಳಿಗ್ಗೆಯಿಂದ ಅದು ರಿವ್ಯೂನಲ್ಲಿ ಹೊಗಳಿಸಿಕೊಂಡ ಸ್ಪೀಕರ್ ಆಗಿ ಉಳಿಯಲಿಲ್ಲ. 2025ರ ಜನವರಿಯಲ್ಲಿ ಕಂಪನಿಯ ಸಿಇಒ ಪ್ಯಾಟ್ರಿಕ್ ಸ್ಪೆನ್ಸ್ ಹುದ್ದೆ ಬಿಟ್ಟರು.

ಮೊದಲೆಲ್ಲ ಹೀಗಿರಲಿಲ್ಲ ಎಂದರೆ ಅತಿಯಾದೀತು, ಆದರೆ ಒಂದು ವ್ಯತ್ಯಾಸವಂತೂ ಇತ್ತು. ಆಪಲ್ ಕಂಪನಿಯ ಮ್ಯೂಸಿಕ್ ಪ್ಲೇಯರ್ ಐಪಾಡ್ 2001ರ ಅಕ್ಟೋಬರಿನಲ್ಲಿ ಪ್ರಕಟವಾಯಿತು, 2022ರ ಮೇ ತಿಂಗಳಲ್ಲಿ ಅದರ ಕೊನೆಯ ಮಾಡೆಲ್ ನಿಂತಿತು. ಈ ಮಧ್ಯೆ ಐಪಾಡ್ ಕವರು, ಡಾಕು, ಸ್ಪೀಕರು, ಕಾರಿನ ಎಫ್‌ಎಂ ಟ್ರಾನ್ಸ್‌ಮಿಟರುಗಳನ್ನೇ ಪರೀಕ್ಷಿಸಿ ಎ, ಬಿ, ಸಿ ಎಂದು ಶಾಲೆಯ ಗ್ರೇಡು ಕೊಡುವ ಪತ್ರಿಕೋದ್ಯಮವೇ ಬೆಳೆದಿತ್ತು. ಆಗ ಡಾಕ್ ಸ್ಪೀಕರ್ ಒಮ್ಮೆ ತಯಾರಾದರೆ ತಯಾರಾದ ಹಾಗೇ ಇರುತ್ತಿತ್ತು. 2003ರಲ್ಲಿ ಬಂದ 30 ಪಿನ್ನಿನ ಕನೆಕ್ಟರ್ 2012ರಲ್ಲಿ ಲೈಟ್ನಿಂಗ್ ಬರುವವರೆಗೂ ನಡೆಯಿತು. ಒಂದು ರಿವ್ಯೂಗೆ ಮೂರು ನಾಲ್ಕು ವರ್ಷ ಆಯಸ್ಸಿತ್ತು. ಈಗ ಇಯರ್‌ಬಡ್ಸ್ ಕೂಡ ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) ಅಪ್‌ಡೇಟ್ ಆದ ರಾತ್ರಿ ಬೇರೆಯೇ ದನಿ ತೆಗೆಯಬಹುದು.

ಹಾಗಾದರೆ ಮರುಪರೀಕ್ಷೆ ಮಾಡಬೇಕು, ಅಂಗಡಿಯಿಂದ ಕೊಂಡು ಮಾಡಬೇಕು. ಇದು ಎಲ್ಲರಿಗೂ ಗೊತ್ತು. ಮಾಡುವುದಿಲ್ಲ ಏಕೆಂದರೆ ಖರ್ಚು ಹೊರುವವರಿಲ್ಲ. ವಸ್ತು ಬಿಡುಗಡೆಯಾದ ಮೊದಲ ವಾರ ಜನ ಹುಡುಕುತ್ತಾರೆ, ಓದುತ್ತಾರೆ, ಲಿಂಕ್ ಒತ್ತಿ ಕೊಳ್ಳುತ್ತಾರೆ. ಆ ಲಿಂಕಿನಿಂದ ಬರುವ ಕಮಿಷನ್ ಈಗ ರಿವ್ಯೂ ಬರೆಯುವವರ ಮುಖ್ಯ ಆದಾಯಗಳಲ್ಲೊಂದು. ಎಂಟನೇ ತಿಂಗಳ ಮರುಪರೀಕ್ಷೆ ಓದುವವರು ಕಡಿಮೆ, ಅದರಿಂದ ಕೊಳ್ಳುವವರು ಇನ್ನೂ ಕಡಿಮೆ. ಆನಂದ್ ಲಾಲ್ ಶಿಂಪಿ 1997ರಲ್ಲಿ ಶುರುಮಾಡಿದ ಆನಂದ್‌ಟೆಕ್, ಚಿಪ್ಪು ಮತ್ತು ಎಸ್‌ಎಸ್‌ಡಿಗಳನ್ನು ಬೇರು ಮಟ್ಟದಿಂದ ಅಳೆದು ಬರೆಯುತ್ತಿದ್ದ ತಾಣ. 2024ರ ಆಗಸ್ಟ್ 30ರಂದು ಅದು ಹೊಸ ಲೇಖನಗಳನ್ನು ನಿಲ್ಲಿಸಿತು. ಹತ್ತು ಪುಟದ ಅಳತೆಯ ಲೇಖನಕ್ಕೆ ತಗಲುವ ಖರ್ಚು ಹತ್ತು ಪುಟ ಓದುವವರಿಂದ ಹುಟ್ಟುತ್ತಿಲ್ಲ. ಇದು ಬರೀ ಒಂದು ತಾಣದ ಕಷ್ಟವಲ್ಲ, ಕೊಳ್ಳುವ ನಮ್ಮೆಲ್ಲರ ನಷ್ಟ.

ಖಾಲಿಯಾದ ಜಾಗವನ್ನು ತುಂಬಿದ್ದು ಗ್ರಾಹಕರ ಸ್ಟಾರ್‌ಗಳು. ಅವುಗಳ ಹಣೆಬರಹ ಏನೆಂದು 2021ರಲ್ಲಿ ತಿಳಿಯಿತು. ಆಕಿ, ಎಂಪೌ, ರಾವ್‌ಪವರ್ ಸಾಮಾನ್ಯರಿಗೂ ಪರಿಚಿತವಿದ್ದ ಬ್ರ್ಯಾಂಡುಗಳು. ಚಾರ್ಜರ್, ಪವರ್ ಬ್ಯಾಂಕ್, ಇಯರ್‌ಫೋನ್ ಮಾರುತ್ತಿದ್ದ ಇವುಗಳ ಸರಕನ್ನು ಅಮೆಜಾನ್ ಆ ವರ್ಷ ಕಿತ್ತುಹಾಕಿತು. ‘ರಿವ್ಯೂ ಬರೆಯಿರಿ, ಗಿಫ್ಟ್ ಕಾರ್ಡ್ ಪಡೆಯಿರಿ’ ಎಂಬ ಚೀಟಿಯನ್ನು ಪೆಟ್ಟಿಗೆಯೊಳಗೆ ಇಡುವ ಪದ್ಧತಿ ಆಗ ದೊಡ್ಡ ಸುದ್ದಿಯಾಯಿತು. ಗಮನಿಸಬೇಕಾದದ್ದು, ಆ ಚೀಟಿ ನೋಡಿ ಬರೆದವರೆಲ್ಲ ನಿಜವಾದ ಗ್ರಾಹಕರೇ, ದುಡ್ಡು ಕೊಟ್ಟು ಕೊಂಡವರೇ. ‘ಖರೀದಿ ಖಚಿತ’ ಎಂಬ ಗುರುತು ಅವರ ಮಾತಿನ ಪಕ್ಕ ಸರಿಯಾಗಿಯೇ ಇತ್ತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಆನ್‌ಲೈನ್ ಗ್ರಾಹಕ ರಿವ್ಯೂಗಳಿಗೆಂದೇ, ಸರಕುಗಳ ಗುಣಮಟ್ಟ ಗೊತ್ತುಮಾಡುವ ಕೇಂದ್ರದ ಸಂಸ್ಥೆ ಬಿಐಎಸ್ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಬರೆದವರು ಯಾರೆಂದು ಖಚಿತಪಡಿಸಿಕೊಳ್ಳುವುದು, ದುಡ್ಡು ಕೊಟ್ಟು ಬರೆಸಿದ್ದನ್ನು ತಡೆಯುವುದು ಅದರ ಉದ್ದೇಶ. ಆದರೆ ಅದನ್ನು ಸ್ವಯಂಪ್ರೇರಿತ ಎಂದೇ ಜಾರಿಗೆ ತಂದರು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ, ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡುವವರು ಹಣ ಅಥವಾ ಉಡುಗೊರೆ ಪಡೆದಿದ್ದರೆ ಎದ್ದು ಕಾಣುವಂತೆ ಹೇಳಬೇಕೆಂದು ಮಾರ್ಗಸೂಚಿ ಹೊರಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅಮೆರಿಕದಲ್ಲಿ ನಕಲಿ ರಿವ್ಯೂಗಳನ್ನು ನೇರವಾಗಿ ನಿಷೇಧಿಸುವ ನಿಯಮ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಇವೆಲ್ಲ ಬೇಕು. ಆದರೆ ಈ ನಿಯಮಗಳೆಲ್ಲ ಮುಖ್ಯವಾಗಿ ಕೇಳುವುದು ‘ನೀನು ಯಾರು, ದುಡ್ಡು ತಗೊಂಡೆಯಾ’ ಎಂದು. ‘ಏನನ್ನು ಅಳೆದೆ, ಯಾವಾಗ ಅಳೆದೆ, ಅದು ನಿನಗೆ ಎಲ್ಲಿಂದ ಬಂತು’ ಎಂದು ಕೇಳುವ ನಿಯಮ ಇವುಗಳಲ್ಲಿಲ್ಲ. ಅದನ್ನು ಓದುಗರೇ ಕೇಳಬೇಕು.

ಅಳೆಯುವುದೆಂದರೆ ಎಷ್ಟು ತಾಳ್ಮೆಯ ಕೆಲಸ ಎಂಬುದಕ್ಕೆ ನಕಲಿ ಪೆನ್ ಡ್ರೈವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಎಂಬ ಜಾಹೀರಾತು ನೋಡದವರು ಯಾರು? ಚುಚ್ಚಿದರೆ ವಿಂಡೋಸ್ ಕೂಡ 2 ಟಿಬಿ ಎಂದೇ ತೋರಿಸುತ್ತದೆ, ಏಕೆಂದರೆ ಅದು ಡ್ರೈವಿನ ಕಂಟ್ರೋಲರ್ ಚಿಪ್ ಹೇಳಿದ್ದನ್ನು ನಂಬುತ್ತದೆ. ಆ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಒಳಗೆ ನಿಜವಾಗಿ ಇರುವುದು 32 ಜಿಬಿ ಎಂದಿಟ್ಟುಕೊಳ್ಳಿ. ಮೊದಲ 32 ಜಿಬಿ ಸರಿಯಾಗಿಯೇ ಕೂರುತ್ತದೆ. ಆಮೇಲೆ ಬರೆದದ್ದು ಒಂದೋ ಗಾಳಿಗೆ ಹೋಗುತ್ತದೆ, ಇಲ್ಲವೇ ಹಿಂದೆ ಬರೆದದ್ದರ ಮೇಲೆಯೇ ಕೂರುತ್ತದೆ. ಕಾಪಿ ಮುಗಿಯಿತೆಂದು ಕಂಪ್ಯೂಟರ್ ಹೇಳುತ್ತದೆ. ಕಡತಗಳ ಪಟ್ಟಿ ಡ್ರೈವಿನ ಆರಂಭದ ಭಾಗದಲ್ಲಿ ಇರುವುದರಿಂದ ಹೆಸರುಗಳೆಲ್ಲ ಕಾಣುತ್ತಲೇ ಇರುತ್ತವೆ. ಮದುವೆಯ ವೀಡಿಯೊ ತೆರೆಯಲು ಹೋದ ದಿನವೇ ಗೊತ್ತಾಗುವುದು, ಒಳಗೆ ಏನೂ ಇಲ್ಲವೆಂದು. ಅಷ್ಟರಲ್ಲಿ ವಾಪಸು ಕೊಡುವ ಗಡುವು ಮುಗಿದಿರುತ್ತದೆ, ಮೊದಲ ದಿನವೇ ಬರೆದ ಐದು ಸ್ಟಾರ್ ಮಾತ್ರ ಅಲ್ಲೇ ಇರುತ್ತದೆ.

ಇದನ್ನು ಪತ್ತೆಹಚ್ಚುವ ಸಾಧನ ಪುಕ್ಕಟೆಯಾಗಿಯೇ ಸಿಗುತ್ತದೆ. ಜರ್ಮನಿಯ ಸಿ’ಟಿ ಪತ್ರಿಕೆಯವರು ಕೊಟ್ಟ ಎಚ್2ಟೆಸ್ಟ್‌ಡಬ್ಲ್ಯೂ ವಿಂಡೋಸ್‌ನಲ್ಲಿ ನಡೆಯುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ನವರಿಗೆ ಎಫ್3 ಇದೆ. ಡ್ರೈವ್ ಪೂರ್ತಿ ತುಂಬುವಷ್ಟು ಗುರುತು ಹಾಕಿದ ದತ್ತಾಂಶ ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ತಾಳೆ ನೋಡುವುದು ಇವುಗಳ ಕೆಲಸ. ಸೆಕೆಂಡಿಗೆ 10 ಎಂಬಿ ವೇಗವೆಂದರೆ 64 ಜಿಬಿ ಬರೆಯಲು ಹತ್ತಿರ ಹತ್ತಿರ ಎರಡು ಗಂಟೆ. ‘2 ಟಿಬಿ’ ತುಂಬಲು ಎರಡು ದಿನಕ್ಕೂ ಮಿಕ್ಕಿ ಬೇಕು. ಅನ್‌ಬಾಕ್ಸಿಂಗ್ ವೀಡಿಯೊ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೇ ಇರಲಿ, ನ್ಯಾಷನಲ್ ಮಾರ್ಕೆಟ್‌ನಲ್ಲೇ ಇರಲಿ, ಆನ್‌ಲೈನಿನಲ್ಲೇ ಇರಲಿ, ಪೆನ್ ಡ್ರೈವ್ ಅಥವಾ ಮೆಮೊರಿ ಕಾರ್ಡ್ ಕೊಂಡ ರಾತ್ರಿಯೇ ಈ ಪರೀಕ್ಷೆ ಓಡಿಸಿ ಮಲಗಿ. ಚಾರ್ಜರ್, ಪವರ್ ಬ್ಯಾಂಕ್ ಆದರೆ ಅದರ ಮೇಲಿನ ಬಿಐಎಸ್ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಯಾವ ಕಂಪನಿಯ ಹೆಸರು ಬರುತ್ತದೆ ನೋಡಿ.

ಕಿವಿಯ ವಿಷಯಕ್ಕೆ ಬಂದರೆ ಅಳತೆ ಇನ್ನೂ ಜಾರುತ್ತದೆ. ಗಾಯಕ ನೀಲ್ ಯಂಗ್ ಅವರ ಪೋನೋ ಎಂಬ ಮ್ಯೂಸಿಕ್ ಪ್ಲೇಯರಿಗೆ 2014ರಲ್ಲಿ ಜನರೇ, ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದ ಮೂಲಕ 62 ಲಕ್ಷ ಡಾಲರ್ ಕೊಟ್ಟರು. ಪ್ಲೇಯರಿನ ಬೆಲೆ 399 ಡಾಲರ್. ದೊಡ್ಡ ದೊಡ್ಡ ಸಂಗೀತಗಾರರು ಕೇಳಿ ಬೆರಗಾದ ವೀಡಿಯೊ ಇತ್ತು. 2015ರ ಆರಂಭದಲ್ಲಿ ಪತ್ರಕರ್ತ ಡೇವಿಡ್ ಪೋಗ್, ಯಾವುದು ಯಾವುದೆಂದು ಹೇಳದೆ ಐಫೋನನ್ನೂ ಪೋನೋವನ್ನೂ ಜನರಿಗೆ ಕೇಳಿಸಿದಾಗ ಪೋನೋ ಮೇಲು ಎಂಬ ಸ್ಪಷ್ಟ ಅಭಿಪ್ರಾಯ ಬರಲೇ ಇಲ್ಲ. ಎರಡರಲ್ಲಿ ಒಂದರ ಸದ್ದು ಕೂದಲೆಳೆಯಷ್ಟು ಜಾಸ್ತಿ ಇದ್ದರೂ ಕಿವಿ ಅದನ್ನೇ ‘ಸ್ಪಷ್ಟ’, ‘ತುಂಬಿದ ಬೇಸ್’ ಎಂದು ತೀರ್ಮಾನಿಸುತ್ತದೆ. ಸದ್ದಿನ ಮಟ್ಟ ಸರಿಹೊಂದಿಸದೆ, ಹೆಸರು ಮುಚ್ಚಿಡದೆ ಮಾಡಿದ ಇಯರ್‌ಫೋನ್ ಹೋಲಿಕೆಯನ್ನು ನಾನು ಅಭಿಪ್ರಾಯವೆಂದು ಓದುತ್ತೇನೆ, ಪರೀಕ್ಷೆಯೆಂದು ಅಲ್ಲ.

ಅಡಾಪ್ಟರುಗಳಲ್ಲಂತೂ ‘ಚೆನ್ನಾಗಿದೆ’ ಎಂಬ ಮಾತಿಗೆ ಅರ್ಥವೇ ಇಲ್ಲ. ಟೈಪ್-ಸಿಯಿಂದ 3.5 ಎಂಎಂ ಜಾಕಿಗೆ ಬದಲಿಸುವ ತುಂಡು ವೈರಿನಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ತಂತಿ, ಹಾಡನ್ನು ಅನಲಾಗ್ ಸಂಕೇತವಾಗಿ ಫೋನೇ ಕಳಿಸಬೇಕು. ಇನ್ನೊಂದರಲ್ಲಿ ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಪುಟ್ಟ ಡ್ಯಾಕ್ ಚಿಪ್ಪು ಇರುತ್ತದೆ. ಮೊದಲ ಜಾತಿಯದು ಅಣ್ಣನ ಫೋನಿನಲ್ಲಿ ಹಾಡುತ್ತದೆ, ತಂಗಿಯ ಫೋನಿನಲ್ಲಿ ಸುಮ್ಮನಿರುತ್ತದೆ. ಎಲ್‌ಡ್ಯಾಕ್ ಎಂಬ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಇದೆಯೆಂದು ಹೊಗಳಿಸಿಕೊಂಡ ಬ್ಲೂಟೂತ್ ಹೆಡ್‌ಫೋನ್ ಐಫೋನಿಗೆ ಸೇರಿಸಿದರೆ ಎಎಸಿ ಎಂಬ ಬೇರೆ ಕೋಡೆಕ್ಕಿನಲ್ಲೇ ಹಾಡುತ್ತದೆ. ಯಾವ ಫೋನಿನ ಜೊತೆ ಪರೀಕ್ಷಿಸಿದ್ದು ಎಂದು ಹೇಳದ ರಿವ್ಯೂ ಇಲ್ಲಿ ಅರ್ಧವೇ.

ಈಗ ನಮ್ಮ ಭಾಷೆಯ ವಿಷಯ. ಕನ್ನಡದಲ್ಲಿ ಬರುವ ಬಹಳಷ್ಟು ರಿವ್ಯೂಗಳು ಇಂಗ್ಲಿಷಿನಲ್ಲಿ ಆಗಲೇ ಪರೀಕ್ಷಿಸಿದ್ದನ್ನೇ ಇನ್ನೊಮ್ಮೆ ಹೇಳುತ್ತವೆ. ಬ್ಯಾಟರಿ ಎಷ್ಟು ಗಂಟೆ, ಬೇಸ್ ಹೇಗೆ, ಬೆಲೆ ಎಷ್ಟು. ಕನ್ನಡ ಬಲ್ಲವರು ಮಾತ್ರ ಮಾಡಬಹುದಾದ ಪರೀಕ್ಷೆಯನ್ನು ಕನ್ನಡದವರೂ ಮಾಡುತ್ತಿಲ್ಲ ಎಂಬುದು ನನ್ನ ನಿಜವಾದ ಕೊರಗು.

ಹಾಡಿನ ಕಡತಗಳಿಗೆ ಕನ್ನಡದಲ್ಲೇ ಹೆಸರಿಟ್ಟು ಪೆನ್ ಡ್ರೈವನ್ನು ಕಾರಿನ ಸ್ಟೀರಿಯೊಗೆ ಹಾಕಿ ನೋಡಿ. ಕೆಲವದರಲ್ಲಿ ಹೆಸರಿನ ಜಾಗದಲ್ಲಿ ಚೌಕಗಳು, ಕೆಲವದರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ಅಕ್ಷರ ಬಂದರೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುವುದುಂಟು. ಬರೀ ಫಾಂಟ್ ಇದ್ದರೆ ಸಾಲದು, ವ್ಯಂಜನ ಸೇರಿದಾಗ ಆಕಾರ ಬದಲಿಸುವ ತಂತ್ರಾಂಶವೂ ಪ್ಲೇಯರಿನಲ್ಲಿರಬೇಕು. ಪರೀಕ್ಷೆಗೆ ‘ಸ್ತ್ರೀ’, ‘ಕಾರ್ಯ’, ‘ರ‍್ಯಾಂಕ್’ ಸಾಕು. ಕೊನೆಯ ಎರಡರಲ್ಲೂ ರಕಾರಕ್ಕೆ ಯಕಾರ ಸೇರುತ್ತದೆ. ಒಂದರಲ್ಲಿ ಅರ್ಕಾವತ್ತು ಬರಬೇಕು, ಇನ್ನೊಂದರಲ್ಲಿ ಯಕಾರದ ಒತ್ತು ಬರಬೇಕು. ಆ ವ್ಯತ್ಯಾಸ ನಿಂತಿರುವುದು ನಡುವೆ ಇರುವ, ಕಣ್ಣಿಗೆ ಕಾಣದ ಒಂದು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) ಸಂಕೇತದ ಮೇಲೆ. ಅದನ್ನು ನುಂಗಿಹಾಕುವ ಸಾಫ್ಟ್‌ವೇರಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಅಕಾರಾದಿ ಜೋಡಣೆಯೂ ಹಾಗೆಯೇ. ಕನ್ನಡ ನಿಘಂಟಿನಲ್ಲಿ ಹ ಆದಮೇಲೆ ಳ. ಯೂನಿಕೋಡ್ ಸಂಖ್ಯೆಯಲ್ಲಿ ಲ ಆದ ಕೂಡಲೇ ಳ. ಬರೀ ಸಂಖ್ಯೆ ನೋಡಿ ಜೋಡಿಸುವ ಪ್ಲೇಯರಿನಲ್ಲಿ ‘ಮಳೆ’ಯ ಹಾಡು ‘ಮಹದೇಶ್ವರ’ನ ಹಾಡಿಗಿಂತ ಮೊದಲು ಬರುತ್ತದೆ, ನಿಘಂಟಿನ ಪ್ರಕಾರ ಆಮೇಲೆ ಬರಬೇಕು. ಸಾವಿರಾರು ಹಾಡು, ಇಲ್ಲವೇ ಕಚೇರಿಯ ಸಾವಿರಾರು ಹೆಸರು ಜೋಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಪಿಡಿಎಫ್ ಸಾಫ್ಟ್‌ವೇರಿನ ರಿವ್ಯೂನಲ್ಲಿ ಕನ್ನಡ ಪುಟದಿಂದ ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಒತ್ತಕ್ಷರ ಉಳಿಯಿತೇ ಎಂದು ಯಾರು ಹೇಳುತ್ತಾರೆ? ‘ನುಡಿ’ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನ ಕಡತಗಳು ಡಿಟಿಪಿ ಅಂಗಡಿಗಳಲ್ಲಿ ಇನ್ನೂ ರಾಶಿ ಇವೆ. ಹೊಸ ಆಫೀಸ್ ಸಾಫ್ಟ್‌ವೇರಿನಲ್ಲಿ ಅವು ತೆರೆಯುತ್ತವೆಯೇ, ಯೂನಿಕೋಡಿಗೆ ಬದಲಿಸುವಾಗ ಯಾವ ಅಕ್ಷರ ಕಳೆದುಹೋಗುತ್ತದೆ? ಮಾತನ್ನು ಬರಹವಾಗಿಸುವ ಆ್ಯಪ್ ಧಾರವಾಡದ ಕನ್ನಡಕ್ಕೂ ಕುಂದಾಪುರದ ಕನ್ನಡಕ್ಕೂ ಹೇಗೆ ಸ್ಪಂದಿಸುತ್ತದೆ? ಇಂಗ್ಲಿಷ್ ಪದ ಬೆರೆತ ಬೆಂಗಳೂರಿನ ಮಾತನ್ನು ಯಾವ ಲಿಪಿಯಲ್ಲಿ ಬರೆಯುತ್ತದೆ? ಕ್ಯಾಲಿಫೋರ್ನಿಯಾದ ರಿವ್ಯೂದಾರನಿಂದ ಇದಕ್ಕೆ ಉತ್ತರ ಬರುವುದಿಲ್ಲ.

ಕಂಪನಿಯವರ ದೋಷ ಎಂದು ಬಿಟ್ಟುಬಿಡುವ ಹಾಗೂ ಇಲ್ಲ. ಯಾವ ರಿವ್ಯೂನಲ್ಲೂ ಅಂಕ ಕಳೆಯದ ದೋಷವನ್ನು ಯಾವ ಕಂಪನಿ ಸರಿಪಡಿಸುತ್ತದೆ? ಲಿಯುಂಗ್ ಅವರ ಕೇಬಲ್ ರಿವ್ಯೂಗಳು ಕೆಲಸ ಮಾಡಿದ್ದು ದೋಷ ಯಾವ ರೆಸಿಸ್ಟರಿನಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಿದ್ದರಿಂದ. ‘ಕನ್ನಡ ಸರಿಯಾಗಿ ಬರಲ್ಲ’ ಎಂದು ದೂರಿದರೆ ಕಂಪನಿಯ ಎಂಜಿನಿಯರಿಗೆ ಏನೂ ತಿಳಿಯದು. ಇಂಥ ಮಾಡೆಲ್, ಇಂಥ ಫರ್ಮ್‌ವೇರ್, ಇಂಥ ಕಡತ, ಹೀಗೆ ಕಾಣಬೇಕಿತ್ತು, ಹೀಗೆ ಕಂಡಿತು ಎಂದು ಫೋಟೊ ಸಮೇತ ಕಳಿಸಿದರೆ ಅವನು ತನ್ನ ಮೇಜಿನ ಮೇಲೇ ಆ ದೋಷವನ್ನು ಮತ್ತೆ ಹುಟ್ಟಿಸಿ ನೋಡಬಹುದು.

ಅದಕ್ಕೆ ಎಲ್ಲರೂ ಬಳಸುವ ಒಂದು ಪರೀಕ್ಷಾ ಕಡತಗಳ ಕಟ್ಟು ಬೇಕು. ಹಕ್ಕುಸ್ವಾಮ್ಯದ ತಕರಾರಿಲ್ಲದ ಹತ್ತಿಪ್ಪತ್ತು ಆಡಿಯೊ ತುಣುಕು, ನಾವೇ ಓದಿ ರೆಕಾರ್ಡ್ ಮಾಡಿದ ವಚನಗಳಾದರೂ ಆದೀತು. ಕಡತದ ಹೆಸರಿನಲ್ಲೂ ಒಳಗಿನ ಟ್ಯಾಗಿನಲ್ಲೂ ಕನ್ನಡ ಇರಬೇಕು. ಒತ್ತಕ್ಷರ, ಅರ್ಕಾವತ್ತು, ಕನ್ನಡ ಅಂಕಿ, ತೆರೆಯಲ್ಲಿ ಹಿಡಿಸದಷ್ಟು ಉದ್ದದ ಒಂದು ಹೆಸರು, ಳಕಾರದ ಜೋಡಣೆ ಪರೀಕ್ಷಿಸುವ ಒಂದು ಜೋಡಿ, ಇಂಗ್ಲಿಷ್ ಬೆರೆತ ಒಂದು ಹೆಸರು. ಜೊತೆಗೆ ಸರಿಯಾಗಿ ಕಂಡರೆ ಹೇಗಿರಬೇಕು ಎಂಬ ಚಿತ್ರ. ಕನ್ನಡದಲ್ಲಿ ರಿವ್ಯೂ ಮಾಡುವವರೆಲ್ಲ ಪ್ರತಿ ಪ್ಲೇಯರಿಗೂ ಕಾರ್ ಸ್ಟೀರಿಯೊಗೂ ಇದೇ ಕಟ್ಟನ್ನು ಹಾಕಿ, ಎಷ್ಟು ಕಡತ ಸರಿ ಬಂತು, ಯಾವುದು ತಪ್ಪಿತು, ಫರ್ಮ್‌ವೇರ್ ಸಂಖ್ಯೆ ಏನು, ವಸ್ತು ಕೊಂಡದ್ದೋ ಕಂಪನಿ ಕಳಿಸಿದ್ದೋ ಎಂದು ಬರೆಯತೊಡಗಿದರೆ, ಆರು ತಿಂಗಳ ನಂತರ ಅಪ್‌ಡೇಟ್ ಬಂದಾಗ ಮತ್ತೆ ಹಾಕಿ ನೋಡುವುದಕ್ಕೆ ಹತ್ತು ನಿಮಿಷ ಸಾಕು.